ಶುಕ್ರವಾರ ನಾಲ್ಕು ನಲವತ್ತರ ಸರಿಗಮ

ಇಂಗ್ಲೆಂಡಿನಲ್ಲಿ ಮನೆ ಸಿಗುತ್ತದೆ, ಕೆಲಸ ಸಿಗುತ್ತದೆ, ಹುಡುಕಿದರೆ ಹಸಿ ಕರಿಬೇವೂ ಸಿಗುತ್ತದೆ. ಮಕ್ಕಳಿಗೆ ವಾದ್ಯ ಹೇಳಿಕೊಡುವ ಮೇಷ್ಟ್ರು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಇಲ್ಲ ಅಂತಲ್ಲ. ನಾವಿರುವ ರೆಡಿಂಗಿನಲ್ಲಿ ಬೀದಿಗೊಬ್ಬರಾದರೂ ಇದ್ದಾರು. ಲೈಬ್ರರಿಯ ನೋಟೀಸ್ ಬೋರ್ಡಿನಲ್ಲಿ, ಕಳೆದುಹೋದ ಬೆಕ್ಕಿನ ಫೋಟೋ ಪಕ್ಕದಲ್ಲಿ ಅವರ ಚೀಟಿಗಳು ನೇತಾಡುತ್ತಿರುತ್ತವೆ. ಫೋನ್ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡಿ, ಅಷ್ಟೇ ಮರ್ಯಾದೆಯಿಂದ ವೇಟಿಂಗ್ ಲಿಸ್ಟಿಗೆ ಹಾಕುತ್ತಾರೆ. ಯಾರ ಮಗನಿಗೋ ಪಿಯಾನೋ ಬೇಸರವಾಗಿ ಫುಟ್‌ಬಾಲಿನ ಹುಚ್ಚು ಹತ್ತಬೇಕು, ಅವನ ತಾಯಿ ಅತ್ತೂ ಕರೆದೂ ಕೊನೆಗೆ ಸೋತು ಒಪ್ಪಬೇಕು, ಆಗ ನಮ್ಮ ಮಗಳಿಗೆ ಸರಸ್ವತಿ ಒಲಿಯಬೇಕು. ಆ ದಿನಗಳಲ್ಲಿ ನಮ್ಮ ಯಜಮಾನರು ಪಾರ್ಕಿನಲ್ಲಿ ಚೆಂಡು ಒದೆಯುವ ಹುಡುಗರನ್ನು ಕಂಡರೆ ಸಾಕು, ನಿಂತು ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಿದ್ದರು.

ಅವರ ಚಪ್ಪಾಳೆ ಯಾರಿಗೆ ತಗುಲಿತೋ, ಶುಕ್ರವಾರ ಸಂಜೆ ನಾಲ್ಕು ನಲವತ್ತರ ಜಾಗ ಖಾಲಿಯಾಯಿತು. ನಾಲ್ಕೂವರೆ ಅಲ್ಲ, ಮುಕ್ಕಾಲೂ ಅಲ್ಲ, ನಲವತ್ತು. ನಾಲ್ಕು ಹತ್ತರಿಂದ ನಲವತ್ತರವರೆಗೆ ಒಬ್ಬ ಹುಡುಗ, ನಲವತ್ತರಿಂದ ಐದು ಹತ್ತರವರೆಗೆ ನಮ್ಮವಳು. ಮೊದಲೇ ಹೋದರೆ ಕಾರಿನಲ್ಲಿ ಕೂತಿರಬೇಕು. ತಡವಾಗಿ ಹೋದರೆ ತಡವಾದಷ್ಟೂ ನಮ್ಮ ಲೆಕ್ಕಕ್ಕೆ. ಮೇಷ್ಟ್ರು ಬಾಗಿಲು ತೆರೆದು ಒಂದು ಮಗುವನ್ನು ಹೊರಕ್ಕೆ ಕೊಟ್ಟು ಇನ್ನೊಂದನ್ನು ಒಳಕ್ಕೆ ತೆಗೆದುಕೊಳ್ಳುವ ಆ ಕ್ಷಣದಲ್ಲಿ ಇಬ್ಬರು ತಾಯಂದಿರು ಎದುರಾಗುತ್ತೇವೆ. ನಗುತ್ತೇವೆ. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಮಳೆಯನ್ನು ಬಿಟ್ಟು ಬೇರೆ ವಿಷಯ ಬಂದಿಲ್ಲ.

ಮಗಳಿಗೆ ಪಿಯಾನೋ ಮೇಷ್ಟ್ರು ಸಿಕ್ಕ ಮೇಲೆ ಮಗನಿಗೆ ಪಿಟೀಲು ಮೇಡಂ ಸಿಕ್ಕರು. ಇವರದು ಶನಿವಾರ ಬೆಳಿಗ್ಗೆ. ಇಬ್ಬರೂ ಮೊದಲ ದಿನವೇ, "ನನ್ನನ್ನು ಹೆಸರು ಹಿಡಿದು ಕರೀರಿ" ಅಂದುಬಿಟ್ಟರು. ನಮ್ಮವರಿಗೆ ಆಫೀಸಿನಲ್ಲಿ ಡೈರೆಕ್ಟರನ್ನೇ ಹೆಸರು ಹಿಡಿದು ಕರೆದು ಅಭ್ಯಾಸ, ಅವರಿಗೇನೂ ಅನ್ನಿಸಲಿಲ್ಲ. ನನಗೆ ಮಾತ್ರ ಮೇಷ್ಟ್ರ ಹೆಸರು ಗಂಟಲಲ್ಲೇ ನಿಲ್ಲುತ್ತಿತ್ತು. ಮೆಸೇಜ್ ಮಾಡುವಾಗ ಹೆಸರೂ ಬೇಡ, ಸರ್ ಎಂದೂ ಬೇಡ ಎಂದು ನೇರವಾಗಿ ವಿಷಯಕ್ಕೇ ಬಂದುಬಿಡುತ್ತಿದ್ದೆ. ಇದನ್ನು ನಮ್ಮ ಮೇಷ್ಟ್ರು ಕನ್ನಡಿಗರ ನೇರ ಸ್ವಭಾವ ಎಂದು ತಿಳಿದಿದ್ದಾರೆ.

ಇಷ್ಟು ಹೊತ್ತಿಗೆ ಮೈಸೂರಿನಿಂದ ನಮ್ಮತ್ತೆ ಬಂದರು.

ವಿಸಿಟರ್ ವೀಸಾದಲ್ಲಿ ಆರು ತಿಂಗಳು ಇರಬಹುದು. ಅತ್ತೆ ಆಗಸ್ಟ್ ಕೊನೆಯಲ್ಲಿ ಬಂದವರು ಎಲ್ಲ ಹಬ್ಬಗಳನ್ನೂ ಮುಗಿಸಿಕೊಂಡೇ ಹೊರಡುವ ಲೆಕ್ಕ ಹಾಕಿದ್ದರು. ಇವರು ಸಂಗೀತದಲ್ಲಿ ಜೂನಿಯರ್ ಪಾಸು. ನಮ್ಮ ಕರ್ನಾಟಕದ ಪರೀಕ್ಷಾ ಮಂಡಳಿಯವರು ನಡೆಸುತ್ತಿದ್ದ ಜೂನಿಯರ್, ಸೀನಿಯರ್, ವಿದ್ವತ್ ಇದೆಯಲ್ಲ, ಅದರ ಮೊದಲನೆಯ ಮೆಟ್ಟಿಲು. ಸೀನಿಯರ್‌ಗೆ ಕಟ್ಟಬೇಕು ಅನ್ನುವಷ್ಟರಲ್ಲಿ ಮದುವೆಯಾಯಿತು. "ನಿಮ್ಮ ಮಾವನವರು ಬಂದರು, ಸೀನಿಯರ್ ಹೋಯಿತು" ಎಂದು ಈಗಲೂ ಹೇಳುತ್ತಾರೆ; ಯಾವುದು ಲಾಭ, ಯಾವುದು ನಷ್ಟ ಎಂದು ಬಿಡಿಸಿ ಹೇಳುವುದಿಲ್ಲ.

ಅವರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಸೈಕಲ್ ಮೇಲೆ ಮನೆಗೇ ಬರುತ್ತಿದ್ದರಂತೆ. ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಎರಡು ಗಂಟೆ. ಕಾಫಿ ಚೆನ್ನಾಗಿದ್ದರೆ ಮೇಲೊಂದು ಕೃತಿ. ತಿಂಗಳ ಸಂಬಳವನ್ನು ಅಡಿಕೆ ಎಲೆಯ ಕೆಳಗಿಟ್ಟು ಕೊಡುವುದು, ಅವರು ನೋಡದವರಂತೆ ತೆಗೆದುಕೊಳ್ಳುವುದು. ಇಲ್ಲಿ ತಿಂಗಳ ಕೊನೆಗೆ ಇಮೇಲಿನಲ್ಲಿ ಬಿಲ್ ಬರುತ್ತದೆ, ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಹೋಗುತ್ತದೆ, ಅಡಿಕೆಗೆ ಕೆಲಸವಿಲ್ಲ.

"ಅರ್ಧ ಗಂಟೆಗೆ ಎಷ್ಟು ಕೊಡ್ತೀರೇ?" ಅಂದರು.

ಇಪ್ಪತ್ತು ಪೌಂಡು ಅಂದೆ. ಅತ್ತೆ ಟೆಸ್ಕೋ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಹತ್ತಿರ ಹತ್ತಿರ 2,200 ರೂಪಾಯಿ, 30 ನಿಮಿಷ, ನಿಮಿಷಕ್ಕೆ 73. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮುಂದಿನ ಶುಕ್ರವಾರ ನನ್ನ ಜೊತೆ ಬಂದರು. ಮೇಷ್ಟ್ರು ಬಾಗಿಲು ತೆರೆದು, ಎಂಥಾ ಗಾಳಿ ನೋಡಿ, ಬೆಳಿಗ್ಗೆ ಬಿಸಿಲಿತ್ತು, ನಾಳೆ ಮಳೆಯಂತೆ ಎಂದು ಇಲ್ಲಿಯವರ ಪದ್ಧತಿಯಂತೆ ಮಾತಾಡಿಸಿದರು. ನಾನೂ ಪದ್ಧತಿಯಂತೆ ಉತ್ತರ ಕೊಟ್ಟೆ. ಕಾರಿಗೆ ಬಂದ ಮೇಲೆ ಅತ್ತೆ, "ಮುನ್ನೂರು ರೂಪಾಯಿ ಹವಾಮಾನಕ್ಕೇ ಹೋಯ್ತಲ್ಲೇ. ಇನ್ಮೇಲೆ ಅವರು ಮಳೆ ಅಂದ್ರೆ ನೀನು ಹೂಂ ಅಂದುಬಿಡು, ಮುಂದುವರಿಸಬೇಡ" ಅಂದರು.

ಪಿಟೀಲಿನ ಕಥೆ ಇನ್ನೂ ದೊಡ್ಡದು. ನಮ್ಮ ಮೇಡಂ ಕಲಿಸುವುದು ಸುಜುಕಿ ಪದ್ಧತಿಯಲ್ಲಿ. ಜಪಾನಿನ ಶಿನಿಚಿ ಸುಜುಕಿ ಎಂಬುವರು, 1898ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು, ಮಕ್ಕಳು ಮಾತೃಭಾಷೆಯನ್ನು ಹೇಗೆ ಕೇಳಿ ಕೇಳಿ ಕಲಿಯುತ್ತಾರೋ ಹಾಗೆಯೇ ಸಂಗೀತವನ್ನೂ ಕಲಿಯಬೇಕು ಎಂದು ಕಂಡುಕೊಂಡರು. ಮೇಡಂ ಇದನ್ನು ವಿವರಿಸುವಾಗ ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ನಮ್ಮ ಮಕ್ಕಳು ಮಾತೃಭಾಷೆ ಕಲಿತಿರುವ ರೀತಿ ಇವರಿಗೆ ಗೊತ್ತಿಲ್ಲ. ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಈ ಲೆಕ್ಕದಲ್ಲಿ ನಮ್ಮ ಪುಟ್ಟ ಯಾರಾದರೂ ಪಿಟೀಲು ನುಡಿಸಿದರೆ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ, ತಾನು ನುಡಿಸುವುದಿಲ್ಲ.

ಈ ಪದ್ಧತಿಯಲ್ಲಿ ತಂದೆ ಅಥವಾ ತಾಯಿ ಪಾಠಕ್ಕೆ ಕೂರಲೇಬೇಕು, ತಾವೂ ಕಲಿಯಬೇಕು, ಮನೆಯಲ್ಲಿ ಕಲಿಸಬೇಕು. ಇನ್ನೊಂದು: ಮಗುವಿಗೆ ಮೊದಲೇ ನಿಜವಾದ ಪಿಟೀಲು ಕೊಡುವುದಿಲ್ಲ. ರಟ್ಟಿನ ಡಬ್ಬಿಗೆ ಮರದ ಸ್ಕೇಲು ಅಂಟಿಸಿ ಗದ್ದದ ಕೆಳಗಿಟ್ಟು ನಿಲ್ಲುವುದನ್ನು ಕಲಿಸುತ್ತಾರೆ. ಮನೆಯಲ್ಲಿದ್ದದ್ದು ಎಂಟಿಆರ್ ಗುಲಾಬ್ ಜಾಮೂನ್ ಮಿಕ್ಸಿನ ಡಬ್ಬಿ. ಪುಟ್ಟ ಅದನ್ನೇ ಭುಜದ ಮೇಲಿಟ್ಟುಕೊಂಡು ಬಾಗಿ ವಂದಿಸಿ ನಿಂತ. ಪಾಠದ ಮೊದಲೂ ಕೊನೆಯೂ ಗುರು ಶಿಷ್ಯರಿಬ್ಬರೂ ಬಾಗಿ ವಂದಿಸುವುದು ಸುಜುಕಿಯ ಕ್ರಮ. "ಪರವಾಗಿಲ್ಲ, ಸಂಸ್ಕಾರ ಇದೆ" ಎಂದು ಅತ್ತೆ ಮೊದಲು ಮೆಚ್ಚಿದರು. ಡಬ್ಬಿಯನ್ನು ಕಂಡ ಮೇಲೆ, "ಜಾಮೂನ್ ಡಬ್ಬಿಗೂ ನಿಮಿಷಕ್ಕೆ 73 ರೂಪಾಯೇ?" ಅಂದರು. ನಮ್ಮವರ ಪ್ರಶ್ನೆ ಬೇರೆ: ಬಿಲ್ಲು ಹಿಡಿಯುವುದನ್ನೇ ತಿಂಗಳುಗಟ್ಟಲೆ ಕಲಿಸುತ್ತಾರಲ್ಲ, ಹೆಬ್ಬೆರಳು ಮಡಿಚು, ಕಿರುಬೆರಳು ಮೇಲಿಡು, ಇದರಲ್ಲಿ ಸಂಗೀತ ಎಲ್ಲಿ? ಆಫೀಸಿನಲ್ಲಿ ಇವರೇ ಆರು ತಿಂಗಳು ರಿಕ್ವೈರ್‌ಮೆಂಟ್ ಮೀಟಿಂಗ್ ನಡೆಸಿ ಒಂದು ಸಾಲು ಕೋಡ್ ಬರೆಯದೆ ಎದ್ದು ಬಂದದ್ದಿದೆ. ನಾನು ಬಾಯಿ ಬಿಡಲಿಲ್ಲ.

ಕೊನೆಗೊಂದು ದಿನ ನಿಜವಾದ ಪಿಟೀಲು ತರಲು ಅಂಗಡಿಗೆ ಹೋದೆವು. ಮಕ್ಕಳ ಪಿಟೀಲಿಗೆ ಅಳತೆ ಉಂಟು. 1/16ರಿಂದ ಶುರುವಾಗಿ 1/8, 1/4, 1/2, 3/4 ದಾಟಿ ಪೂರ್ತಿ ಸೈಜಿಗೆ ಬರಬೇಕು. ಪುಟ್ಟನಿಗೆ ಕಾಲು ಸೈಜು. ಮಗು ಬೆಳೆದಂತೆ ಬದಲಾಯಿಸಬೇಕಾದ್ದರಿಂದ ಎಲ್ಲರೂ ಬಾಡಿಗೆಗೇ ತರುವುದು. "ಒಂದು ಸೈಜು ದೊಡ್ಡದೇ ತಗೋಳಪ್ಪ, ಯೂನಿಫಾರಂ ಹೊಲಿಸಿದ ಹಾಗೆ. ಬೆಳೀತಾನೆ" ಎಂದು ಅತ್ತೆ ಸಲಹೆ ಕೊಟ್ಟರು. ಆಮೇಲೆ ಪಿಟೀಲನ್ನು ಹತ್ತಿರದಿಂದ ನೋಡಿ, "ಚೌಡಯ್ಯನವರಿಗೆ ಏಳು ತಂತಿ ಇತ್ತು. ಇದಕ್ಕೆ ನಾಲ್ಕೇ ಕೊಟ್ಟಿದ್ದಾರೆ. ಬಾಡಿಗೇದು ಅಂತಲಾ?" ಅಂದರು.

ನಮ್ಮದು ಪಕ್ಕದ ಮನೆಯ ಜೊತೆ ಒಂದು ಗೋಡೆ ಹಂಚಿಕೊಂಡ ಮನೆ. ಆ ಕಡೆ ನಿವೃತ್ತ ದಂಪತಿ. ಸುಜುಕಿಯ ಮೊದಲ ಪುಸ್ತಕ ಶುರುವಾಗುವುದೇ 'ಟ್ವಿಂಕಲ್' ರಾಗವನ್ನು ಬೇರೆ ಬೇರೆ ಲಯದಲ್ಲಿ ನುಡಿಸುವುದರಿಂದ. ಮೊದಲನೆಯದಕ್ಕೆ ಮೇಡಂ 'ತಾಕಾ ತಾಕಾ ಸ್ಟಾಪ್ ಸ್ಟಾಪ್' ಎಂದು ಹೇಳಿಕೊಡುತ್ತಾರೆ. ನಮ್ಮ ಮೃದಂಗದವರು ಕೊಡುವ ಸೊಲ್ಲಿನ ದೂರದ ನೆಂಟ. ಪುಟ್ಟ ಇದನ್ನು ಬೆಳಿಗ್ಗೆ ಸ್ಕೂಲಿಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ, ಅದೇ ಗೋಡೆಯ ಕಡೆ ಮುಖ ಮಾಡಿ ನುಡಿಸುತ್ತಿದ್ದ. ಪಕ್ಕದ ಮನೆಯಾತ ಒಂದು ದಿನವೂ ದೂರಲಿಲ್ಲ. ಒಂದು ಭಾನುವಾರ ಹುಲ್ಲು ಕತ್ತರಿಸುತ್ತಾ ಅದೇ ತಾಕಾ ತಾಕಾವನ್ನು ಸಿಳ್ಳೆ ಹಾಕುತ್ತಿದ್ದ. ತನಗೇ ಗೊತ್ತಾಗಿ ಥಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಬಟ್ಟೆ ಒಣಹಾಕುವುದರಲ್ಲಿ ಮುಳುಗಿದ್ದೆ.

ನವರಾತ್ರಿ ಬಂತು.

ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಕೂರಿಸಿದರೆ ವಿಜಯದಶಮಿಯವರೆಗೆ ಪುಸ್ತಕವನ್ನೂ ವಾದ್ಯವನ್ನೂ ಮುಟ್ಟುವಂತಿಲ್ಲ ಎನ್ನುವುದು ಅತ್ತೆಯ ಮನೆಯ ಕಟ್ಟು. ಬಾಡಿಗೆ ಪಿಟೀಲು ಹಲಗೆಯ ಮೇಲೆ ಬಂತು, ರೇಷ್ಮೆ ವಸ್ತ್ರ ಹೊದ್ದುಕೊಂಡಿತು. ಯಮಹಾ ಡಿಜಿಟಲ್ ಪಿಯಾನೋವನ್ನು ಹಾಲಿನಿಂದ ಅಲುಗಾಡಿಸಲು ಆಗುವುದಿಲ್ಲ, ಆದ್ದರಿಂದ ದೇವರೇ ಅಲ್ಲಿಗೆ ಬರಬೇಕಾಯಿತು. ಸ್ಕೇಲ್ಸ್ ಪುಸ್ತಕ, ಥಿಯರಿ ಪುಸ್ತಕ, ಇಬ್ಬರ ಪ್ರಾಕ್ಟೀಸ್ ಡೈರಿ, ಎಲ್ಲಕ್ಕೂ ಗಂಧ, ಅರಿಶಿನ, ಕುಂಕುಮ. ಮಕ್ಕಳಿಗೆ ಅಂಥ ದೈವಭಕ್ತಿ ಉಕ್ಕಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮಗಳು ತಾನಾಗಿಯೇ ಮ್ಯಾಥ್ಸ್ ಪುಸ್ತಕವನ್ನೂ ತಂದಿಟ್ಟಳು. ಪುಟ್ಟ ಕೈಮುಗಿದು, "ಅಜ್ಜಿ, ಕ್ರಿಸ್ಮಸ್‌ಗೂ ಹೀಗೆ ಮಾಡೋಣ್ವಾ?" ಅಂದ; ಇಂಥ ಹೊತ್ತಿನಲ್ಲಿ ಅವನಿಗೆ ಒಳ್ಳೆಯ ಕನ್ನಡ ಬರುತ್ತದೆ.

ತೊಂದರೆ ಎಂದರೆ ಪಾಠ. ಇಪ್ಪತ್ತನಾಲ್ಕು ಗಂಟೆ ಮೊದಲೇ ತಿಳಿಸದೆ ತಪ್ಪಿಸಿದರೆ ಫೀಸು ಕೊಡಲೇಬೇಕು. ನಮ್ಮತ್ತೆ ಪಂಚಾಂಗ ತೆಗೆದು ನೋಡಿದ್ದು ಶುಕ್ರವಾರ ರಾತ್ರಿ. ಬೆಳಿಗ್ಗೆ ಮೇಡಂಗೆ ಮೆಸೇಜ್ ಬರೆಯಲು ಕೂತೆ. ಮಗುವಿಗೆ ಜ್ವರ ಅಂದರೆ ಸುಳ್ಳು, ಪಿಟೀಲು ಪೂಜೆಯಲ್ಲಿದೆ ಅಂದರೆ ನಂಬುವುದಿಲ್ಲ. ಅಷ್ಟರಲ್ಲಿ ಪುಟ್ಟ ನನ್ನ ಫೋನ್ ಕಿತ್ತುಕೊಂಡು ತಾನೇ ಟೈಪ್ ಮಾಡಿ ಕಳಿಸಿಬಿಟ್ಟ: ನನ್ನ ವಯಲಿನ್ ಇವತ್ತು ದೇವರಾಗಿದೆ, ಮಂಗಳವಾರ ಮತ್ತೆ ವಯಲಿನ್ ಆಗುತ್ತದೆ. ಮೇಡಂ ಕೂಡಲೇ ಉತ್ತರ ಕೊಟ್ಟರು. ತುಂಬಾ ಸಂತೋಷ, ಪಿಟೀಲಿಗೆ ನನ್ನ ಶುಭಾಶಯ ತಿಳಿಸಿ, ಫೀಸು ಎಂದಿನಂತೆ.

ವಿಜಯದಶಮಿಗೆ ಗುರುಗಳಿಗೆ ಏನಾದರೂ ಕೊಡಬೇಕಲ್ಲ. ಪಿಯಾನೋ ಮೇಷ್ಟ್ರಿಗೆ ಕೋಡುಬಳೆ ಹೋಯಿತು. ಅವರು ಒಂದನ್ನು ತಿಂದು ನೀರು ಕುಡಿದು, ಬಹಳ ಸ್ವಾರಸ್ಯವಾಗಿದೆ ಎಂದರು. ಪಿಟೀಲು ಮೇಡಂಗೆ ತಾಂಬೂಲದ ಜೊತೆ ಅತ್ತೆ ಸೂಟ್‌ಕೇಸಿನಿಂದ ತೆಗೆದ ಹಸಿರು ರವಿಕೆ ಕಣ. ಮೇಡಂ ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಸಂತೋಷಪಟ್ಟರು. ಮುಂದಿನ ಶನಿವಾರ ಹೋದರೆ ಅದೇ ಹಸಿರು ಬಟ್ಟೆಯಿಂದ ತಮ್ಮ ಪಿಟೀಲಿನ ಮೇಲೆ ಬಿದ್ದ ರಾಳದ ಪುಡಿ ಒರೆಸುತ್ತಿದ್ದರು. ಇಷ್ಟು ಮೃದುವಾದ ಒರೆಸುವ ಬಟ್ಟೆ ತಮಗೆ ಯಾವತ್ತೂ ಸಿಕ್ಕಿರಲಿಲ್ಲ ಎಂದು ಹೊಗಳಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಒಂದು ನಿಮಿಷ ಯೋಚಿಸಿ, "ಹೋಗಲಿ ಬಿಡೇ, ಕೊನೆಗೂ ಒಂದು ಕಣ ಉಪಯೋಗಕ್ಕೆ ಬಂತು. ಅದು ನನ್ನ ಕೈಗೆ ಬರೋ ಮುಂಚೆ ಎಷ್ಟು ಮನೆ ಸುತ್ತಿತ್ತೋ" ಅಂದರು.

ಬಾಡಿಗೆ ಪಿಟೀಲಿನ ಕುಂಕುಮದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೊಮ್ಮೆ ತಂತಿ ಬದಲಾಯಿಸಲು ಅಂಗಡಿಗೆ ಒಯ್ದಾಗ ಅಲ್ಲಿನ ಹುಡುಗಿ ಕೆಂಪು ಬೊಟ್ಟನ್ನು ಕಂಡು ಫಾರಂ ತೆಗೆದಳು. ಇದೇನು ಅಂದಳು. ನಮ್ಮವರು ಸರಸ್ವತಿಯಿಂದ ಶುರುಮಾಡಿ ಮೈಸೂರು ದಸರಾವರೆಗೂ ವಿವರಿಸಿದರು. ಅವಳು ಎಲ್ಲವನ್ನೂ ಕೇಳಿ 'ಕಾಸ್ಮೆಟಿಕ್' ಎಂಬ ಚೌಕದಲ್ಲಿ ಗುರುತು ಹಾಕಿದಳು.

ಚಳಿಗಾಲದಲ್ಲಿ ಉಗುರಿನ ಸಮಸ್ಯೆ ಎದ್ದಿತು. ಪಿಯಾನೋ ನುಡಿಸುವ ಬೆರಳಿನ ಉಗುರು ಟಕ್ಕೆಂದು ಕೀ ಮೇಲೆ ಸದ್ದು ಮಾಡಬಾರದು, ಮೇಷ್ಟ್ರಿಗೆ ಆಗುವುದಿಲ್ಲ. ಪಿಯಾನೋ ಮೇಲೆ ಮೆಟ್ರೊನೋಮಿನ ಪಕ್ಕ ನೇಲ್ ಕಟರ್ ಇಟ್ಟುಕೊಂಡೇ ಕೂತಿರುತ್ತಾರೆ. ನಮ್ಮತ್ತೆಯ ಪ್ರಕಾರ ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು. ದೀಪ ಹಚ್ಚಿದ ಮೇಲೆ ಯಾವ ವಾರವೂ ತೆಗೆಯಬಾರದು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಮಕ್ಕಳು ಸ್ಕೂಲಿನಿಂದ ಬರುವಷ್ಟರಲ್ಲಿ ಕತ್ತಲು. ಉಳಿದದ್ದು ಶನಿವಾರ, ಭಾನುವಾರದ ಹಗಲು. ಭಾನುವಾರ ತೆಗೆದ ಉಗುರು ಶುಕ್ರವಾರದ ಹೊತ್ತಿಗೆ ಮೇಷ್ಟ್ರ ಕಣ್ಣಿಗೆ ಬೀಳುವಷ್ಟು ಬೆಳೆದಿರುತ್ತಿತ್ತು. ಅವರು ಶುಕ್ರವಾರ ಸಂಜೆ, ದೀಪ ಹಚ್ಚಿದ ಮೇಲೆ, ತಮ್ಮ ಕೈಯಾರೆ ಕಟರ್ ಕೊಟ್ಟು ಕತ್ತರಿಸಿಕೋ ಅನ್ನುತ್ತಿದ್ದರು. ಮಗಳು ಮನೆಗೆ ಬಂದು ಕೈಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. "ಪಾಠ ರಾಹುಕಾಲದಲ್ಲಿ ಇಲ್ಲವಲ್ಲ, ಅಷ್ಟೇ ಪುಣ್ಯ" ಎಂದು ನಾನು ಅತ್ತೆಯನ್ನು ಸಮಾಧಾನ ಮಾಡುತ್ತಿದ್ದೆ.

ಇನ್ನು ಪರೀಕ್ಷೆ. ಇಲ್ಲಿ ಸಂಗೀತಕ್ಕೂ ಗ್ರೇಡುಗಳಿವೆ, ಒಂದರಿಂದ ಎಂಟು. ಲಂಡನ್ನಿನ ಎಬಿಆರ್‌ಎಸ್‌ಎಂ ಎಂಬ ಮಂಡಳಿ 1889ರಿಂದ ಈ ವ್ಯವಹಾರದಲ್ಲಿದೆ. ಐದನೇ ಗ್ರೇಡ್ ಥಿಯರಿ ಪಾಸಾಗದೆ ಆರನೆಯ ಪ್ರಾಕ್ಟಿಕಲ್‌ಗೆ ಕೂರುವುದು ಕಷ್ಟ. ಆರು, ಏಳು, ಎಂಟು ಪಾಸಾದರೆ ಯೂನಿವರ್ಸಿಟಿ ಸೇರುವಾಗ ಲೆಕ್ಕಕ್ಕೆ ಬರುವ ಪಾಯಿಂಟ್ ಸಿಗುತ್ತದೆ. ಈ ಕೊನೆಯ ಮಾತು ಕನ್ನಡ ತಂದೆ ತಾಯಿಯರ ಕಿವಿಗೆ ಬೀಳುವ ತನಕ ಸಂಗೀತ ಒಂದು ಕಲೆ. ಬಿದ್ದ ಮೇಲೆ ಅದು ಸಿಇಟಿ. ಯುಗಾದಿ, ರಾಜ್ಯೋತ್ಸವ ಎಂದು ಯಾವುದೋ ಸ್ಕೂಲ್ ಹಾಲಿನಲ್ಲಿ ಸೇರಿದಾಗ ಪುಳಿಯೋಗರೆಯ ಸಾಲಿನಲ್ಲಿ ನಿಂತು, "ನಿಮ್ಮವಳು ಎಷ್ಟನೇ ಗ್ರೇಡು?" ಎಂದು ಕೇಳುವವರ ಮುಖ ನೋಡಿದ್ದೀರಾ? ನಾವು ಹೇಳುವ ಸಂಖ್ಯೆ ಅವರ ಮಗನದಕ್ಕಿಂತ ಒಂದು ಕಡಿಮೆ ಇದ್ದರೆ ನಮ್ಮ ತಟ್ಟೆಗೆ ತಾವೇ ಇನ್ನೊಂದು ವಡೆ ಹಾಕುತ್ತಾರೆ.

ಮಗಳು ಮೂರನೇ ಗ್ರೇಡಿಗೆ ಕೂತಳು. ಒಟ್ಟು 150ಕ್ಕೆ, 100 ಬಂದರೆ ಪಾಸು, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಇವಳಿಗೆ 128. ಮೇಷ್ಟ್ರು ಕುಣಿದಾಡಿದರು, ಬಿಸ್ಕತ್ತಿನ ಡಬ್ಬಿ ತೆರೆದರು. ನಮ್ಮವರ ಮುಖ ಸಣ್ಣಗಾಯಿತು.

"ಎರಡೇ ಮಾರ್ಕ್ಸಿಗೆ ಡಿಸ್ಟಿಂಕ್ಷನ್ ಹೋಯ್ತಲ್ಲ! ರೀವ್ಯಾಲ್ಯುಯೇಷನ್ ಹಾಕೋಣ್ವಾ?"

ಮೇಷ್ಟ್ರಿಗೆ ಈ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಇನ್ನೊಂದು ಬಿಸ್ಕತ್ತು ಕೊಟ್ಟರು, ಈ ಸಲ ನಮ್ಮವರಿಗೆ. ರಾತ್ರಿ ಊಟದ ಮೇಜಿನ ಮೇಲೆ ಅಂಕಪಟ್ಟಿಯ ಮರಣೋತ್ತರ ಪರೀಕ್ಷೆ ನಡೆಯಿತು. ಮೂರು ತುಣುಕು ನುಡಿಸುವುದಕ್ಕೆ ತಲಾ 30, ಇವಳಿಗೆ ಮೂರೂ ಸೇರಿ 78. ಸ್ಕೇಲ್ಸ್ 21ಕ್ಕೆ 19. ಹೊಸ ಹಾಳೆ ಕೊಟ್ಟು ನುಡಿಸು ಅನ್ನುವುದಕ್ಕೆ 21ಕ್ಕೆ 17. ಕೇಳಿ ಹೇಳುವುದಕ್ಕೆ 18ಕ್ಕೆ 14. ಸಿಕ್ಕಿಬಿತ್ತು! ಕೇಳಿ ಹೇಳುವುದರಲ್ಲಿ ನಾಲ್ಕು ಮಾರ್ಕ್ಸ್ ಹೋದದ್ದು ಹೇಗೆ? ಪರೀಕ್ಷಕರು ನುಡಿಸಿದ್ದನ್ನು ಹಾಗೆಯೇ ಹಾಡಿ ತೋರಿಸಬೇಕಿತ್ತು. "ಹಾಗೇ ಹಾಡಿದೆ, ಅಜ್ಜಿ ಹೇಳಿಕೊಟ್ಟ ಹಾಗೆ ಸ್ವಲ್ಪ ಅಲುಗಾಡಿಸಿದೆ" ಅಂದಳು. ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ಮೊಸರನ್ನ ಕಲಸುತ್ತಾ, "ಅಲುಗಾಡದ ಸ್ವರ ಸ್ವರವೇ ಅಲ್ಲ. ಪರೀಕ್ಷಕರಿಗೆ ಗಮಕ ಗೊತ್ತಿಲ್ಲ, ಅದಕ್ಕೆ ನನ್ನ ಮೊಮ್ಮಗಳ ಮಾರ್ಕ್ಸ್ ಯಾಕೆ ಕಳೀಬೇಕು" ಅಂದರು.

ಮೇಷ್ಟ್ರ ಎದುರು ಹೀಗೆ ಹೋದ ಮಾನವನ್ನು ನಮ್ಮವರು ಜಯಚಾಮರಾಜೇಂದ್ರ ಒಡೆಯರ ಮೂಲಕ ವಾಪಸು ತಂದರು. ಮೇಷ್ಟ್ರ ಕಪಾಟಿನಲ್ಲಿ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಹಾಡುಗಳ ಹಳೆಯ ರೆಕಾರ್ಡ್ ಇತ್ತು. ಅವು ಮೊದಲ ಬಾರಿಗೆ ಸಭೆಯಲ್ಲಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಇದೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರು ಮಹಾರಾಜರು ಎಂಬುದು ಗೊತ್ತಿರಲಿಲ್ಲ. ಒಡೆಯರು ಸ್ವತಃ ಪಿಯಾನೋ ಕಲಿತವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಲಂಡನ್ನಿನಲ್ಲಿ ಮರೆತುಹೋಗುವ ಸ್ಥಿತಿಯಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ್ದಾರೆ. ನಮ್ಮವರು ಇದನ್ನೆಲ್ಲ ಹೇಳುತ್ತಿದ್ದರೆ ಚೆಕ್ಕಿಗೆ ತಾವೇ ಸಹಿ ಹಾಕಿದ ಠೀವಿ. ಮೇಷ್ಟ್ರು ಎದ್ದು ನಿಂತು ಕೈಕುಲುಕಿದರು. ಅಂದಿನಿಂದ ನಮ್ಮನ್ನು ಕಾರಿನಲ್ಲಿ ಕಾಯಿಸುವುದಿಲ್ಲ, ಒಳಗೆ ಕರೆದು ಕೂರಿಸುತ್ತಾರೆ. ಫೀಸಿನಲ್ಲಿ ವ್ಯತ್ಯಾಸವಿಲ್ಲ.

ಈ ಇಬ್ಬರು ಗುರುಗಳಲ್ಲೂ ನಮ್ಮ ಮನೆಯವರಿಗೆ ಕಂಡ ದೊಡ್ಡ ಕೊರತೆ ಎಂದರೆ ಬೈಯುವುದಿಲ್ಲ. ಮಗು ಅಪಸ್ವರ ನುಡಿಸಿದರೂ ಮೊದಲು ನಿಂತ ಭಂಗಿ ಚೆನ್ನಾಗಿತ್ತು ಎಂದು ಹೊಗಳಿ, ಆಮೇಲೆ ಇನ್ನೊಮ್ಮೆ ನೋಡೋಣವೇ ಅನ್ನುತ್ತಾರೆ. ನಮ್ಮವರು ಒಂದು ದಿನ ತಡೆಯಲಾರದೆ, "ಸ್ವಲ್ಪ ಗದರಿಸಿ, ನಮ್ಮ ಅಭ್ಯಂತರ ಏನೂ ಇಲ್ಲ" ಎಂದು ಪಿಟೀಲು ಮೇಡಂಗೆ ಹೇಳಿ, ಲಿಖಿತವಾಗಿಯೇ ಕೊಡುವ ಸನ್ನಾಹದಲ್ಲಿದ್ದರು. ಮೇಡಂ ಗಾಬರಿಯಾಗಿ ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಪುಟ್ಟನನ್ನು ಮೆಲ್ಲನೆ ವಿಚಾರಿಸಿದರಂತೆ.

ಗದರಿಸುವ ಆ ಕೆಲಸವನ್ನು ಅತ್ತೆ ವಹಿಸಿಕೊಂಡರು. ಹೊರಗೆ ಹೋಗಲಾರದ ಜನವರಿಯ ಚಳಿ. ಸಂಜೆಯೆಲ್ಲ ಪುಟ್ಟ ಮತ್ತು ಪಿಟೀಲು ಅವರ ಸುಪರ್ದಿಗೆ ಬಂದವು. ಮೊದಲ ಆಕ್ಷೇಪಣೆ, ಇವನು ನಿಂತುಕೊಂಡು ಯಾಕೆ ನುಡಿಸುತ್ತಾನೆ? ಇಂಗ್ಲಿಷರ ಪಿಟೀಲನ್ನು ಮದ್ರಾಸಿನಲ್ಲಿ ಕಲಿತು ನಮ್ಮ ಸಂಗೀತಕ್ಕೆ ತಂದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು, 1786ರಲ್ಲಿ ಹುಟ್ಟಿದವರು. ಇಲ್ಲಿ ಗದ್ದಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ವಾದ್ಯ ಅಲ್ಲಿ ಹೋಗಿ ಚಾಪೆಯ ಮೇಲೆ ಕೂರುವುದನ್ನು ಕಲಿತು ಇನ್ನೂರು ವರ್ಷವಾಯಿತು. ಅತ್ತೆ ಪುಟ್ಟನನ್ನು ಕಾರ್ಪೆಟ್ ಮೇಲೆ ಚಕ್ಕಂಬಕ್ಕಳ ಕೂರಿಸಿ, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ, "ಹೂಂ, ಸರಳೆ ವರಸೆ" ಅಂದರು.

ಅಲ್ಲೊಂದು ತಾಂತ್ರಿಕ ಅಡಚಣೆ. ಮಕ್ಕಳಿಗೆ ಬೆರಳು ಎಲ್ಲಿಡಬೇಕು ಎಂದು ಗೊತ್ತಾಗಲು ಮೇಡಂ ಪಿಟೀಲಿನ ಕುತ್ತಿಗೆಯ ಮೇಲೆ ಬಣ್ಣದ ಟೇಪು ಸುತ್ತಿರುತ್ತಾರೆ. ಟೇಪಿನ ಪ್ರಕಾರ ಬೆರಳಿಟ್ಟರೆ ಅವರ ಮೇಜರ್ ಸ್ಕೇಲ್ ಬರುತ್ತದೆ, ಅಂದರೆ ನಮ್ಮ ಶಂಕರಾಭರಣ. ಸರಳೆ ವರಸೆ ಇರುವುದು ಮಾಯಾಮಾಳವಗೌಳದಲ್ಲಿ; ಅದರ ರಿಷಭ, ಧೈವತ ಎರಡೂ ಒಂದು ಮೆಟ್ಟಿಲು ಕೆಳಗೆ. ಅತ್ತೆ ಪಿಟೀಲು ನುಡಿಸಿದವರಲ್ಲ, ಹಾಡಿದವರು. ಕಿವಿಯಿಂದಲೇ ಸ್ಥಾನ ಹಿಡಿದರು. "ಆ ಕೆಂಪು ಟೇಪು ನಂಬಬೇಡ ಕಣೋ. ಮೊದಲನೇ ಬೆರಳು ಹಿಂದಕ್ಕೆ ಎಳಿ. ಇನ್ನೂ. ಇನ್ನೂ. ಹಾಂ, ಅಲ್ಲಿ ಕೂತಿದೆ ರಿಷಭ." ಪುಟ್ಟನಿಗೆ ಮೇಡಂ ಹಾಕಿದ ಗೆರೆಯನ್ನು ಮೀರಲು ಹಿರಿಯರೊಬ್ಬರಿಂದ ಅಪ್ಪಣೆ ಸಿಕ್ಕಿತು. ಸ್ಕೂಲಿಗೆ ಮುಂಚೆ, ಊಟಕ್ಕೆ ಮುಂಚೆ, ಹೇಳದೆಯೇ ಕೂತು ನುಡಿಸಿದ. ಗೋಡೆಯ ಆ ಕಡೆ ಸಿಳ್ಳೆ ನಿಂತುಹೋಯಿತು. ಹೊಸದನ್ನು ಕಲಿಯಲು ಆತನಿಗೂ ಸಮಯ ಬೇಕು.

ಶನಿವಾರ ಪಾಠದಲ್ಲಿ ಪುಟ್ಟ ಬಾಗಿ ವಂದಿಸಿ ಟ್ವಿಂಕಲ್ ಶುರು ಮಾಡಿದ. ಬೆರಳು ಅಭ್ಯಾಸಬಲದಿಂದ ಟೇಪಿನ ಹಿಂದಕ್ಕೆ ಹೋಯಿತು. ನಕ್ಷತ್ರದ ಹಾಡು ಇದ್ದಕ್ಕಿದ್ದಂತೆ ಮೈಸೂರಿನ ಬೆಳಗಿನ ಜಾವದ ದೇವಸ್ಥಾನದ ಕಡೆ ಹೊರಟಿತು. ನಾನು ಕಣ್ಣು ಮುಚ್ಚಿಕೊಂಡೆ. ಮೇಡಂ ಕೈಯೆತ್ತಿ ನಿಲ್ಲಿಸಿ, ಭಂಗಿ ಚೆನ್ನಾಗಿದೆ ಎಂದು ಮೊದಲು ಹೊಗಳಿ, ಇನ್ನೊಮ್ಮೆ ನುಡಿಸು ಅಂದರು. ನುಡಿಸಿದ. ತಮ್ಮ ಪಿಟೀಲು ತೆಗೆದುಕೊಂಡು ತಾವೂ ಹಾಗೆಯೇ ನುಡಿಸಿದರು. ಇದನ್ನು ಎಲ್ಲಿಂದ ತಂದೆ ಎಂದು ಕೇಳಿದರು. "ಅಜ್ಜಿ" ಅಂದ.

ಮುಂದಿನ ಶನಿವಾರ ಅಜ್ಜಿಯನ್ನೂ ಕರೆತನ್ನಿ ಎಂದು ಆಹ್ವಾನ ಬಂತು. ಅತ್ತೆ ಜರತಾರಿ ಸೀರೆ ಉಟ್ಟು, ಮೇಲೊಂದು ಸ್ವೆಟರು, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಉಣ್ಣೆಯ ಸಾಕ್ಸು ಹಾಕಿಕೊಂಡು ಬಂದರು. ಮೇಡಂ ಕುರ್ಚಿ ತೋರಿಸಿದರು. ಅತ್ತೆ ನೆಲದ ಮೇಲೆ ಕೂತರು. ಮೇಡಂ ಕ್ಷಣಕಾಲ ನೋಡಿ, ತಾವೂ ಜೀನ್ಸ್ ಪ್ಯಾಂಟಿನಲ್ಲೇ ನೆಲಕ್ಕಿಳಿದರು. ಅವರ ಮುಂಗೈ ಮೇಲೆ ಸಂಗೀತದ ಚಿಹ್ನೆಯ ಹಚ್ಚೆ ಇದೆ, ಅತ್ತೆ ಅದನ್ನು ಮುಟ್ಟಿ ನೋಡಿ, "ನಮ್ಮಜ್ಜಿಗೂ ಇತ್ತು, ನೋವಾಯ್ತಾಮ್ಮ?" ಎಂದು ಕನ್ನಡದಲ್ಲೇ ಕೇಳಿದರು. ಪುಟ್ಟ ಅನುವಾದ ಮಾಡಿದ. ಆಮೇಲೆ ಅನುವಾದ ಬೇಕಾಗಲಿಲ್ಲ. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ ಹಾಡುವುದು, ಮೇಡಂ ಕಿವಿ ಬಗ್ಗಿಸಿ ಕೇಳಿ ನುಡಿಸುವುದು, ಅತ್ತೆ ತಲೆಯಾಡಿಸಿ 'ಊಹೂಂ' ಅನ್ನುವುದು, ಮೇಡಂ ಮತ್ತೆ ನುಡಿಸುವುದು. ಗಾಂಧಾರದಿಂದ ರಿಷಭಕ್ಕೆ ಇಳಿಯುವಾಗ ಬೆರಳು ಎತ್ತಿ ಇಡಬಾರದು, ಜಾರಬೇಕು. ಮೇಡಂ ಎತ್ತಿ ಇಡುತ್ತಿದ್ದರು. "ಎತ್ತಬೇಡ. ಎತ್ತಬೇಡ ಅಂದ್ನಲ್ಲ! ಏನು ಹುಡುಗೀನೋ" ಎಂದು ಅತ್ತೆ ಗದರಿದರು. ಮೇಡಂ ಅಂಥ ಗದರಿಕೆಯನ್ನು ಜೀವಮಾನದಲ್ಲೇ ಕಂಡಿರಲಿಕ್ಕಿಲ್ಲ, ಕೆನ್ನೆ ಕೆಂಪಾಯಿತು. ಮುಂದಿನ ಸಲ ಬೆರಳು ಜಾರಿತು. ಪುಟ್ಟ ಮೂಲೆಯಲ್ಲಿ ಕೂತು ಮೇಡಂ ಬೈಸಿಕೊಳ್ಳುವುದನ್ನು ಬಿಸ್ಕತ್ತು ತಿನ್ನುತ್ತಾ ನೋಡಿದ. ಅಂದಿನಿಂದ ಆ ಗುರುವಿನ ಮೇಲೆ ಅವನ ಗೌರವ ಹೆಚ್ಚಾಗಿದೆ.

ಬಾಗಿಲು ಬಡಿದ ಸದ್ದು. ಮುಂದಿನ ಹುಡುಗ ತಾಯಿಯ ಜೊತೆ ಮಳೆಯಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೇಡಂ ಗಡಿಯಾರ ನೋಡಿ ಹೌಹಾರಿದರು.

ತಿಂಗಳ ಕೊನೆಗೆ ಬಿಲ್ ಬಂತು, ಎಂದಿನ ಮೊತ್ತವೇ. ಅತ್ತೆ ನನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಮೇಲಿಂದ ಕೆಳಗೆ ಓದಿಸಿಕೊಂಡರು.

"ನನ್ನ ಪಾಠದ್ದು ಕಳೆದಿಲ್ವಲ್ಲೇ."

"ಅತ್ತೆ, ಅವರು ಪುಟ್ಟನಿಗೆ ಹೇಳಿಕೊಟ್ಟ ಲೆಕ್ಕ ಅದು."

"ಪುಟ್ಟ ಬಿಸ್ಕತ್ತು ತಿಂತಾ ಕೂತಿದ್ದ. ಕಲಿತೋಳು ಅವಳು. ನಿಮಿಷಕ್ಕೆ 73ರ ಹಾಗೆ..." ಎಂದು ಪೆನ್ಸಿಲ್ ಹುಡುಕಿದರು. ಸಿಗಲಿಲ್ಲ. "ಹೋಗಲಿ ಬಿಡು, ವಿದ್ಯೆ ಮಾರಬಾರದು. ಕೈ ಚೆನ್ನಾಗಿದೆ ಆ ಹುಡುಗೀದು. ಹೀಗೇ ಸಾಧನೆ ಮಾಡಿದ್ರೆ ಜೂನಿಯರ್‌ಗೆ ಕಟ್ಟಬಹುದು."